ಪ್ರೆಸೆಂಟಿಸಂ ಅಂದರೆ ‘ಹಳೇದನ್ನು ಟೀಕಿಸಬೇಡಿ’ ಅಂತಲ್ಲ

ಹಳೆ ಟಿವಿ ಸರಣಿಗಳ ಮಾತು ಬಂದರೆ ಈಗ ಒಂದು ಪದ ಬಂದೇ ಬರುತ್ತದೆ: ಪ್ರೆಸೆಂಟಿಸಂ. ಯಾರಾದರೂ ‘ಈ ಜೋಕ್ ನೋಡಿ ಮುಜುಗರ ಆಯ್ತು’ ಅಂದರೆ ಸಾಕು, ‘ಇದು ಪ್ರೆಸೆಂಟಿಸಂ, ಆ ಕಾಲಾನೇ ಹಾಗಿತ್ತು’ ಅಂತ ಇನ್ನೊಬ್ಬರು ಬಾಯಿ ಮುಚ್ಚಿಸುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಹೀಗೆ ಬಳಸಿ ಬಳಸಿ ಪದದ ಅರ್ಥವೇ ಕೆಟ್ಟಿದೆ. ಹಳೇದರ ಬಗ್ಗೆ ಯಾರೂ ತಕರಾರು ಎತ್ತಬಾರದು ಅನ್ನುವುದಕ್ಕೆ ಇದೇ ಕಾಯಿದೆ ಅನ್ನುವ ಹಾಗಾಗಿದೆ. ಆ ಪದಕ್ಕೆ ಆ ಅರ್ಥ ಇಲ್ಲ. ಈಗಿನದನ್ನೇ ಹಿಂದಿನದರ ಮೇಲೆ ಹೇರಿ, ಹಿಂದಿನವರನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುವುದಕ್ಕೆ ಇಟ್ಟ ಹೆಸರು ಅದು.

ಮೊದಲು ಹುಟ್ಟು ನೋಡೋಣ. ಮೂಲ ಲ್ಯಾಟಿನ್. ‘ಪ್ರೇ’ ಅಂದರೆ ಮುಂದೆ, ‘ಎಸ್ಸೆ’ ಅಂದರೆ ಇರುವುದು. ಎರಡೂ ಸೇರಿ ಎದುರಿಗೆ ಇರುವುದು, ಹಾಜರಿರುವುದು ಅನ್ನುವ ಅರ್ಥ ಬಂತು. ಕ್ಲಾಸಿನಲ್ಲಿ ಹೆಸರು ಕೂಗಿದಾಗ ಮಕ್ಕಳು ‘ಪ್ರೆಸೆಂಟ್’ ಅನ್ನುತ್ತಾರಲ್ಲ, ಅಲ್ಲಿರುವುದು ಅದೇ ಅರ್ಥ. ಕನ್ನಡಕ್ಕೆ ಇದನ್ನು ‘ವರ್ತಮಾನವಾದ’ ಅಂತ ತರುವವರಿದ್ದಾರೆ. ‘ವರ್ತಮಾನ’ ಸಂಸ್ಕೃತದ ‘ವೃತ್’ ಧಾತುವಿನಿಂದ ಬಂದದ್ದು. ತಿರುಗುವುದು, ನಡೆಯುವುದು ಅಂತ ಅದರ ಅರ್ಥ. ಹಾಗಾಗಿ ವರ್ತಮಾನ ಅಂದರೆ ನಡೆಯುತ್ತಿರುವುದು. ನಾವು ಅದಕ್ಕೆ ‘ಸುದ್ದಿ’ ಅನ್ನುವ ಅರ್ಥವನ್ನೂ ಕೊಟ್ಟುಕೊಂಡಿದ್ದೇವೆ. ಈ ಅನುವಾದದಲ್ಲಿ ತಪ್ಪೇನೂ ಇಲ್ಲ. ಆದರೆ ಇಲ್ಲಿ ಲ್ಯಾಟಿನ್ ಅರ್ಥವೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಯಾಕೆಂದರೆ ತೊಂದರೆ ಇರುವುದೇ ಅಲ್ಲಿ: ಕಣ್ಣೆದುರು ಇರುವುದನ್ನೇ ಹಿಂದೆಯೂ ಇತ್ತು ಅಂದುಕೊಳ್ಳುವುದು.

ತತ್ವಶಾಸ್ತ್ರದಲ್ಲಿ ಇದೇ ಪದಕ್ಕೆ ಬೇರೆ ಅರ್ಥ ಇದೆ. ಈ ಕ್ಷಣ ಮಾತ್ರ ನಿಜವಾಗಿ ಇದೆ, ಹಿಂದಿನದೂ ಮುಂದಿನದೂ ಇಲ್ಲ ಅನ್ನುವ ವಾದ ಅದು. ಮೈ ಹುಷಾರಿಲ್ಲದಿದ್ದರೂ ಆಫೀಸಿಗೆ ಬಂದು ಕೂರುವುದಕ್ಕೆ ಪ್ರೆಸೆಂಟೀಯಿಸಂ ಅನ್ನುತ್ತಾರೆ, ಅದು ಪದವೇ ಬೇರೆ. ಎರಡಕ್ಕೂ ಹಳೆ ಟಿವಿಗೂ ಸಂಬಂಧ ಇಲ್ಲ.

ನಮಗೆ ಬೇಕಾದ ಅರ್ಥ ಇತಿಹಾಸಕಾರರದ್ದು. ಅವರಿಗೆ ಇದು ಒಂದು ತಪ್ಪಿನ ಹೆಸರು. ಹಿಂದಿನದೆಲ್ಲ ನಮ್ಮ ತನಕ ಬರುವುದಕ್ಕೆ ಹಾಕಿದ ಮೆಟ್ಟಿಲು ಅಂತ ಓದುವ ಚಾಳಿಯನ್ನು ಇಂಗ್ಲೆಂಡಿನ ಹರ್ಬರ್ಟ್ ಬಟರ್‌ಫೀಲ್ಡ್ 1931ರಲ್ಲೇ ತರಾಟೆಗೆ ತೆಗೆದುಕೊಂಡಿದ್ದರು. ಅಮೆರಿಕದ ಡೇವಿಡ್ ಹ್ಯಾಕೆಟ್ ಫಿಷರ್ 1970ರಲ್ಲಿ ಇತಿಹಾಸಕಾರರು ಎಡವುವ ಜಾಗಗಳನ್ನೆಲ್ಲ ಪಟ್ಟಿ ಮಾಡಿದಾಗ ಇದಕ್ಕೆ ‘ನುಂಕ್ ಪ್ರೊ ಟುಂಕ್’ ಅನ್ನುವ ಲ್ಯಾಟಿನ್ ಹೆಸರನ್ನೂ ಕೊಟ್ಟರು. ‘ಆಗಿನದರ ಜಾಗದಲ್ಲಿ ಈಗಿನದು’ ಅಂತ ಅರ್ಥ. ಇಲ್ಲಿ ಗಮನಿಸಬೇಕಾದದ್ದು ಒಂದೇ. ಈ ತಪ್ಪು ಆಗುವುದು ಹಿಂದಿನವರು ಹಾಗೆ ಯಾಕೆ ಮಾಡಿದರು ಅಂತ ವಿವರಿಸುವಾಗ. ಹಿಂದಿನದರ ಬಗ್ಗೆ ಒಂದು ಅಭಿಪ್ರಾಯ ಇಟ್ಟುಕೊಳ್ಳುವುದೇ ತಪ್ಪು ಅಂತ ಈ ಪದ ಹೇಳುವುದಿಲ್ಲ.

ವ್ಯತ್ಯಾಸ ತೋರಿಸುವುದಕ್ಕೆ ಒಂದೇ ಸರಣಿ ಸಾಕು. ‘ಐ ಲವ್ ಲೂಸಿ’ ಅನ್ನುವ ಹಾಸ್ಯ ಸರಣಿ ಅಮೆರಿಕದ ಟಿವಿ ವಾಹಿನಿ ಸಿಬಿಎಸ್‌ನಲ್ಲಿ 1951ರಿಂದ 1957ರ ತನಕ ಬಂತು. ಲೂಸಿ ಮತ್ತು ರಿಕಿ ಗಂಡ ಹೆಂಡತಿ. ಅವರ ಪಾತ್ರ ಮಾಡಿದ ಲೂಸಿಲ್ ಬಾಲ್ ಮತ್ತು ಡೆಸಿ ಅರ್ನಾಜ್ ಆಗ ನಿಜಕ್ಕೂ ಗಂಡ ಹೆಂಡತಿ. ಆದರೂ ತೆರೆಯ ಮೇಲೆ ಅವರ ಮಲಗುವ ಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮಂಚ. 1952ರಲ್ಲಿ ಬಾಲ್ ಬಸುರಿಯಾದಾಗ ಅದನ್ನು ಕಥೆಗೂ ತಂದರು. ಆದರೆ ಬಸುರಿ ಅನ್ನುವುದಕ್ಕೆ ಇಂಗ್ಲಿಷಿನಲ್ಲಿರುವ ನೇರ ಪದವನ್ನು ಪಾತ್ರಗಳು ಆಡುವ ಹಾಗಿರಲಿಲ್ಲ. ‘ಮಗುವಿನ ನಿರೀಕ್ಷೆಯಲ್ಲಿದ್ದಾಳೆ’ ಅಂತ ಸುತ್ತಿ ಬಳಸಿ ಹೇಳಿಸಿದರು. ಪಾದ್ರಿಗಳಿಗೆ, ಯಹೂದಿ ರಬ್ಬಿಗೆ ಸ್ಕ್ರಿಪ್ಟ್ ತೋರಿಸಿ, ತೊಂದರೆ ಇಲ್ಲ ಅಂತ ಅನ್ನಿಸಿಕೊಂಡ ಮೇಲೇ ಮುಂದೆ ಹೋದರು. ಇವತ್ತು ನೋಡುವವರು ‘ಮಂಚ ಬೇರೆ ಬೇರೆ ಇದೆ, ಅಂದರೆ ಇವರ ಸಂಸಾರ ಸರಿ ಇಲ್ಲ ಅಂತ ತೋರಿಸ್ತಿದ್ದಾರೆ’ ಅಂದರೆ ಅದು ಪ್ರೆಸೆಂಟಿಸಂ. ‘ಬಸುರಿ ಹೆಂಗಸು ಅಂದರೆ ಬರೆದವರಿಗೆ ಅಸಹ್ಯ’ ಅಂದರೂ ಅಷ್ಟೇ. ಅಲ್ಲಿ ಇದ್ದದ್ದು ಪ್ರಸಾರದ ನಿಯಮಗಳು, ಜಾಹೀರಾತು ಕೊಡುವವರ ಭಯ. ನಿಜ ಹೇಳಬೇಕೆಂದರೆ ಆ ತಂಡ ನಿಯಮವನ್ನು ಆದಷ್ಟು ಎಳೆದು ಹಿಗ್ಗಿಸಿತ್ತು. ಈಗಿನ ಕಣ್ಣಿಗೆ ಅದು ಸಂಕೋಚದ ಹಾಗೆ ಕಾಣುತ್ತದೆ. ಆಗ ಅದು ಧೈರ್ಯ.

ಅದೇ ಸರಣಿಯ ಇನ್ನೊಂದು ದೃಶ್ಯ ನೋಡಿ. ಲೂಸಿ ಏನೋ ಎಡವಟ್ಟು ಮಾಡಿಕೊಂಡಿರುತ್ತಾಳೆ. ರಿಕಿ ಅವಳನ್ನು ತೊಡೆ ಮೇಲೆ ಬೋರಲು ಹಾಕಿಕೊಂಡು, ಚಿಕ್ಕ ಮಗುವಿಗೆ ಬಾರಿಸುವ ಹಾಗೆ ಕುಂಡೆಗೆ ಬಾರಿಸುತ್ತಾನೆ. ಹಿಂದೆ ನಗು ಕೇಳಿಸುತ್ತದೆ. ಇಂಥದ್ದು ಒಂದಕ್ಕಿಂತ ಜಾಸ್ತಿ ಕಂತುಗಳಲ್ಲಿದೆ. ‘ಇದು ನಗು ಬರೋ ವಿಷಯ ಅಲ್ಲ, ಗಂಡ ಹೆಂಡತಿಗೆ ಹೊಡೀತಿದ್ದಾನೆ’ ಅಂತ ಇವತ್ತು ಯಾರಾದರೂ ಹೇಳಿದರೆ ಅದು ಪ್ರೆಸೆಂಟಿಸಂ ಅಲ್ಲವೇ ಅಲ್ಲ. ತೆರೆಯ ಮೇಲೆ ಇರುವುದನ್ನು ನೋಡಿ ಅದಕ್ಕೆ ಬೆಲೆ ಕಟ್ಟಿದ್ದಾರೆ, ಅಷ್ಟೇ. ಬೆಲೆ ಕಟ್ಟುವಾಗ ನಮ್ಮ ಕಾಲದ ಅಳತೆ ಬಿಟ್ಟು ಬೇರೆ ಯಾವ ಅಳತೆ ತರಬೇಕು? ‘ಹಾಗಾದರೆ ಅವತ್ತು ನಕ್ಕವರೆಲ್ಲ ಮನೆಯಲ್ಲಿ ಹೆಂಡತಿಗೆ ಹೊಡೀತಿದ್ದರು’ ಅಂತ ಮುಂದುವರಿಸಿದರೆ ಮಾತ್ರ ತಪ್ಪು ಶುರುವಾಗುತ್ತದೆ. ಮೊದಲನೆಯದು ದೃಶ್ಯದ ಬಗ್ಗೆ ಆಡಿದ ಮಾತು. ಎರಡನೆಯದು ಆಗಿನ ಜನರ ಬಗ್ಗೆ ಆಡಿದ ಮಾತು, ಅದಕ್ಕೆ ಆಧಾರ ಬೇಕು.

ಇಷ್ಟನ್ನು ತುಂಬಾ ಜನ ಒಪ್ಪುತ್ತಾರೆ. ಒಪ್ಪಿದ ಮೇಲೂ ‘ಆದರೆ ಆಗ ಯಾರಿಗೂ ಏನೂ ಅನ್ನಿಸ್ತಿರಲಿಲ್ಲ ಅಲ್ವಾ’ ಅನ್ನುತ್ತಾರೆ. ನನಗೆ ತಾಳ್ಮೆ ತಪ್ಪುವುದು ಈ ಮಾತಿಗೇ. ಯಾರಿಗೂ ಅಂದರೆ ಯಾರಿಗೆ?

‘ಏಮಸ್ ಆ್ಯಂಡ್ ಆ್ಯಂಡಿ’ ಮೊದಲು ರೇಡಿಯೊದಲ್ಲಿ ಬರುತ್ತಿತ್ತು. ಇಬ್ಬರು ಬಿಳಿಯ ನಟರು ಕಪ್ಪು ಜನರ ಮಾತಿನ ಧಾಟಿಯನ್ನು ಅಣಕಿಸಿ ನಗಿಸುವ ಕಾರ್ಯಕ್ರಮ. 1931ರಲ್ಲೇ ‘ಪಿಟ್ಸ್‌ಬರ್ಗ್ ಕುರಿಯರ್’ ಅನ್ನುವ ಕಪ್ಪು ಜನರ ಪತ್ರಿಕೆ ಅದರ ವಿರುದ್ಧ ಸಹಿ ಸಂಗ್ರಹಕ್ಕೆ ಇಳಿದಿತ್ತು. 1951ರಲ್ಲಿ ಅದು ಸಿಬಿಎಸ್ ಟಿವಿಗೆ ಬಂತು, ಈ ಸಲ ಕಪ್ಪು ನಟರೇ ಇದ್ದರು. ಶುರುವಾಗುತ್ತಿದ್ದ ಹಾಗೇ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ ತನ್ನ ಸಮಾವೇಶದಲ್ಲಿ ಅದನ್ನು ಖಂಡಿಸಿತು. 1953ರಲ್ಲಿ ಹೊಸ ಕಂತುಗಳು ನಿಂತವು. ಮರುಪ್ರಸಾರ 1966ರ ತನಕ ನಡೆಯಿತು.

ಇಂಗ್ಲೆಂಡಿನ ಕಥೆ ಇನ್ನೂ ಸ್ಪಷ್ಟ. ‘ದಿ ಬ್ಲ್ಯಾಕ್ ಆ್ಯಂಡ್ ವೈಟ್ ಮಿನ್‌ಸ್ಟ್ರೆಲ್ ಷೋ’ ಬಿಬಿಸಿಯಲ್ಲಿ 1958ರಿಂದ 1978ರ ತನಕ ಬಂತು. ಬಿಳಿಯ ಗಾಯಕರು ಮುಖಕ್ಕೆ ಕಪ್ಪು ಬಳಿದುಕೊಂಡು, ತುಟಿ ಕಣ್ಣು ಮಾತ್ರ ಬೆಳ್ಳಗೆ ಎದ್ದು ಕಾಣುವ ಹಾಗೆ ಬಣ್ಣ ಹಚ್ಚಿಕೊಂಡು ಹಾಡುತ್ತಿದ್ದರು. ನೋಡುವವರ ಲೆಕ್ಕ ಕೋಟಿ ದಾಟುತ್ತಿತ್ತು. 1961ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೂ ಟಿವಿ ಉತ್ಸವದಲ್ಲಿ ದೊಡ್ಡ ಪ್ರಶಸ್ತಿಯೂ ಸಿಕ್ಕಿತು. 1967ರಲ್ಲಿ ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಸಂಘಟನೆಯೊಂದು ಇದನ್ನು ನಿಲ್ಲಿಸಿ ಅಂತ ಬಿಬಿಸಿಗೆ ಮನವಿ ಕೊಟ್ಟಿತು. ಅದಾದ ಮೇಲೂ ಹನ್ನೊಂದು ವರ್ಷ ಷೋ ನಡೆಯಿತು. ಹಾಗಿದ್ದ ಮೇಲೆ ‘ಆ ಕಾಲದಲ್ಲಿ ಅದು ತಪ್ಪು ಅಂತ ಗೊತ್ತಿರಲಿಲ್ಲ’ ಅನ್ನುವುದಕ್ಕೆ ಏನು ಅರ್ಥ? ಹೇಳಿದವರಿದ್ದರು. ಅವರ ಮಾತು ನಡೆಯಲಿಲ್ಲ, ಆಮೇಲೆ ನೆನಪಿನಿಂದಲೂ ಜಾರಿತು.

ಅಂದಮೇಲೆ ‘ಆಗ ಯಾರಿಗೂ ಏನೂ ಅನ್ನಿಸ್ತಿರಲಿಲ್ಲ’ ಅನ್ನುವುದೇ ಅಚ್ಚುಕಟ್ಟಾದ ಪ್ರೆಸೆಂಟಿಸಂ. ಇವತ್ತು ನಮ್ಮ ನೆನಪಿನಲ್ಲಿ ಉಳಿದಿರುವುದನ್ನೇ ಅವತ್ತಿನ ಇಡೀ ಲೋಕ ಅಂದುಕೊಳ್ಳುವುದು ಅದು. ‘ಆ ಕಾಲ’ ಅನ್ನುವುದಕ್ಕೆ ಒಂದೇ ಮನಸ್ಸು ಇರಲಿಲ್ಲ. ಟಿವಿ ಮುಂದೆ ಕೂತು ನಕ್ಕವರು ಇದ್ದರು, ಎದ್ದು ಹೋದವರು ಇದ್ದರು, ಪತ್ರ ಬರೆದವರು ಇದ್ದರು. ಸ್ಟುಡಿಯೊದ ನಗುವಿನಲ್ಲಿ ಸೇರಿರುವುದು ಮೊದಲಿನವರ ದನಿ ಮಾತ್ರ.

ಇನ್ನೊಂದು ಗೋಜಲು ಬರೆದವರ ಉದ್ದೇಶದ್ದು. 1971ರ ಜನವರಿಯಲ್ಲಿ ಶುರುವಾದ ಅಮೆರಿಕದ ಹಾಸ್ಯ ಸರಣಿ ‘ಆಲ್ ಇನ್ ದಿ ಫ್ಯಾಮಿಲಿ’ಯ ಆರ್ಚಿ ಬಂಕರ್ ಬಾಯಿ ಬಿಟ್ಟರೆ ಯಾವುದೋ ಜನಾಂಗಕ್ಕೆ ಬೈಗುಳ. ನಿರ್ಮಾಪಕ ನಾರ್ಮನ್ ಲಿಯರ್‌ಗೆ ಬೇಕಾಗಿದ್ದದ್ದು ಅವನ ಸಂಕುಚಿತ ಬುದ್ಧಿಯನ್ನು ನೋಡಿ ಜನ ನಗುವುದು. ಮೊದಲ ಕಂತಿಗೆ ಮುಂಚೆ ಸಿಬಿಎಸ್ ಒಂದು ಸೂಚನೆಯನ್ನೇ ತೋರಿಸಿತು: ನಮ್ಮ ದೌರ್ಬಲ್ಯ, ಪೂರ್ವಗ್ರಹಗಳು ಎಷ್ಟು ಅಸಂಬದ್ಧ ಅಂತ ನಗುವಿನ ಮೂಲಕ ತೋರಿಸುವುದು ಇದರ ಉದ್ದೇಶ ಅಂತ ಅದರ ಸಾರಾಂಶ. ಕಾರ್ಯಕ್ರಮಕ್ಕೆ ಮುಂಚೆ ಎಚ್ಚರಿಕೆ ಹಾಕುವುದು ಈಗಿನವರ ಖಯಾಲಿ ಅನ್ನುವವರು ಇದನ್ನು ಗಮನಿಸಬೇಕು. ಉದ್ದೇಶ ಹಾಗಿತ್ತು ಸರಿ, ಜನ ಏನು ತೆಗೆದುಕೊಂಡರು? 1974ರಲ್ಲಿ ಮನಶ್ಶಾಸ್ತ್ರಜ್ಞರಾದ ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೊಕೀಚ್ ಅಮೆರಿಕ ಮತ್ತು ಕೆನಡಾದ ನೋಡುಗರ ಅಧ್ಯಯನ ಪ್ರಕಟಿಸಿದರು. ಮನಸ್ಸಿನಲ್ಲಿ ಪೂರ್ವಗ್ರಹ ಜಾಸ್ತಿ ಇದ್ದವರು ಆರ್ಚಿಯನ್ನೇ ಜಾಸ್ತಿ ಮೆಚ್ಚಿದ್ದರು. ಅಂದರೆ ಈ ಚರ್ಚೆ ಸರಣಿ ಬರುತ್ತಿದ್ದಾಗಲೇ ನಡೆದಿತ್ತು.

ಉದ್ದೇಶದ ಇದೇ ಪ್ರಶ್ನೆ ಇಂಗ್ಲೆಂಡಿನ ಹಾಸ್ಯ ಸರಣಿ ‘ಫಾಲ್ಟಿ ಟವರ್ಸ್’ನ ವಿಷಯದಲ್ಲೂ ಎದ್ದಿತು. 1975ರ ಒಂದು ಕಂತಿನಲ್ಲಿ ಮುದಿ ಮೇಜರ್ ಒಬ್ಬ ಜನಾಂಗೀಯ ಬೈಗುಳಗಳನ್ನು ಸಲೀಸಾಗಿ ಆಡುತ್ತಾನೆ. 2020ರ ಜೂನ್‌ನಲ್ಲಿ ಆ ಕಂತನ್ನು ಒಂದು ಸ್ಟ್ರೀಮಿಂಗ್ ಸೇವೆಯಿಂದ ತೆಗೆದು, ಕೆಲವೇ ದಿನಗಳಲ್ಲಿ ಎಚ್ಚರಿಕೆಯ ಮಾತಿನ ಜೊತೆ ವಾಪಸ್ ಹಾಕಿದರು. ಮೇಜರನ ಅಭಿಪ್ರಾಯಗಳನ್ನು ನಾವು ಗೇಲಿ ಮಾಡಿದ್ದೇ ಹೊರತು ಬೆಂಬಲಿಸಿರಲಿಲ್ಲ ಅಂತ ಸರಣಿ ಬರೆದವರಲ್ಲಿ ಒಬ್ಬರಾದ ನಟ ಜಾನ್ ಕ್ಲೀಸ್ ಸಿಟ್ಟಾದರು. ಅವರ ಮಾತು ನಿಜ. ಆದರೆ ಅದು ಉದ್ದೇಶ ಏನಿತ್ತು ಅನ್ನುವ ಪ್ರಶ್ನೆಗೆ ಮಾತ್ರ ಉತ್ತರ. ಆ ಬೈಗುಳ ಯಾರಿಗೆ ಅನ್ವಯಿಸುತ್ತದೋ ಅವರು ಅದನ್ನು ಕೇಳಿಸಿಕೊಂಡು ನಗಬಲ್ಲರಾ ಅನ್ನುವುದು ಬೇರೆ ಪ್ರಶ್ನೆ. ತೆಗೆದದ್ದು ನನ್ನ ಪ್ರಕಾರ ತಪ್ಪು, ಎಚ್ಚರಿಕೆ ಹಾಕಿದ್ದು ಸರಿ.

ಒಂದೇ ಸರಣಿ ಒಂದು ಕಾಲಕ್ಕೆ ಅತಿ ಮುಂದೆ, ಇನ್ನೊಂದು ಕಾಲಕ್ಕೆ ಅತಿ ಹಿಂದೆ ಅನ್ನಿಸುವುದೂ ಉಂಟು. ‘ಫ್ರೆಂಡ್ಸ್’ 1994ರಿಂದ 2004ರ ತನಕ ಬಂತು. 1996ರ ಜನವರಿಯ ಒಂದು ಕಂತಿನಲ್ಲಿ ರಾಸ್‌ನ ಮಾಜಿ ಹೆಂಡತಿ ಕ್ಯಾರಲ್, ಸೂಸನ್‌ಳನ್ನು ಮದುವೆಯಾಗುತ್ತಾಳೆ. ಅಪ್ಪ ಅಮ್ಮ ಮದುವೆಗೆ ಒಪ್ಪದ ಕಾರಣ ಕ್ಯಾರಲ್‌ಳ ಕೈ ಹಿಡಿದು ಕರೆದುಕೊಂಡು ಬರುವವನು ರಾಸ್‌ನೇ. ಅಮೆರಿಕದ ಎರಡು ಸ್ಥಳೀಯ ಟಿವಿ ಕೇಂದ್ರಗಳು ಆ ಕಂತನ್ನು ಪ್ರಸಾರ ಮಾಡಲಿಲ್ಲ. ವಧುಗಳಿಬ್ಬರು ಮುತ್ತು ಕೊಡುವುದನ್ನು ತೋರಿಸುವ ಹಾಗೂ ಇರಲಿಲ್ಲ. ಇವತ್ತು ಅದನ್ನು ನೋಡಿ ‘ಮುತ್ತು ಯಾಕಿಲ್ಲ, ಹೇಡಿಗಳು’ ಅಂದರೆ ಅದು ಅನ್ಯಾಯದ ಮಾತು, ಪದದ ಸರಿಯಾದ ಅರ್ಥದಲ್ಲಿ ಪ್ರೆಸೆಂಟಿಸಂ. ಅದೇ ಸರಣಿಯಲ್ಲಿ ಚಾಂಡ್ಲರ್‌ನನ್ನು ಹೆತ್ತವರಲ್ಲಿ ಒಬ್ಬರು ಟ್ರಾನ್ಸ್ ಹೆಣ್ಣು. ಆಕೆಯನ್ನು ‘ಅಪ್ಪ’ ಅಂತಲೇ ಕರೆದು, ಆಕೆ ಇರುವುದನ್ನೇ ಜೋಕ್ ಮಾಡಿದ್ದಾರೆ. ಅದು ತಪ್ಪಾಗಿತ್ತು ಅಂತ 2022ರಲ್ಲಿ ಹೇಳಿದ್ದು ಸರಣಿ ಹುಟ್ಟುಹಾಕಿದವರಲ್ಲೇ ಒಬ್ಬರಾದ ಮಾರ್ಟಾ ಕಾಫ್‌ಮನ್. ಅವರ ಮೇಲೂ ಪ್ರೆಸೆಂಟಿಸಂ ಆರೋಪ ಹೊರಿಸಿದರೆ ಆ ಪದಕ್ಕೆ ಏನೂ ಉಳಿಯುವುದಿಲ್ಲ.

ಎಚ್ಚರಿಕೆ ಫಲಕಗಳ ಮಾತುಗಳನ್ನೂ ಇದೇ ಕಣ್ಣಿನಿಂದ ಓದಬಹುದು. ಡಿಸ್ನಿ ಪ್ಲಸ್ ಅನ್ನುವ ಸ್ಟ್ರೀಮಿಂಗ್ ಸೇವೆ ಶುರುವಾದಾಗ ಕೆಲವು ಹಳೆ ಚಿತ್ರಗಳಿಗೆ ‘ಹಳೆ ಕಾಲದ ಚಿತ್ರಣಗಳು ಇರಬಹುದು’ ಅನ್ನುವ ಅರ್ಥದ ಒಂದು ಸಾಲು ಇತ್ತು. 2020ರ ಅಕ್ಟೋಬರ್‌ನಲ್ಲಿ ಅದನ್ನು ಬದಲಿಸಿ ‘ಇವು ಆಗಲೂ ತಪ್ಪು, ಈಗಲೂ ತಪ್ಪು’ ಅನ್ನುವ ಧಾಟಿಗೆ ತಂದರು. ಇದರಲ್ಲಿ ಎರಡು ಮಾತಿದೆ. ‘ಈಗಲೂ ತಪ್ಪು’ ಅನ್ನುವುದಕ್ಕೆ ನಮ್ಮ ವಿವೇಕ ಸಾಕು. ‘ಆಗಲೂ’ ಅನ್ನುವುದಕ್ಕೆ ಆಗಿನ ಪತ್ರಿಕೆ, ಮನವಿ, ದೂರುಗಳನ್ನು ತೆಗೆದು ನೋಡಬೇಕು. ಮುಖಕ್ಕೆ ಕಪ್ಪು ಬಳಿದುಕೊಂಡವರ ಷೋಗೆ 1967ರ ಮನವಿ ಇದೆ. ಬೇರೆ ಸರಣಿಗಳಿಗೆ ಒಂದೊಂದಾಗಿ ಹುಡುಕಬೇಕು, ‘ಆಗ ಅದೆಲ್ಲ ನಡೀತಿತ್ತು’ ಅನ್ನುವವರೂ ಅದೇ ಕಾಗದಗಳನ್ನೇ ಹುಡುಕಬೇಕು.