ಗೆಲುವಿಗೂ ಬೆಲೆ ಕೇಳಿದ ಶೋನೆನ್ ಕಥೆಗಳು

ಶೋನೆನ್ ಅನಿಮೆ (ಜಪಾನಿನ ಹುಡುಗರ ಅನಿಮೇಷನ್ ಸರಣಿಗಳು) ಅಂದರೆ ಕಿರುಚಾಟ, ಹೊಡೆದಾಟ, ಮಕ್ಕಳ ಕಾರ್ಟೂನ್ ಅಂತ ತಳ್ಳಿಹಾಕುವವರು ಒಂದು ಕಡೆ. ‘ಅಟ್ಯಾಕ್ ಆನ್ ಟೈಟನ್’ ಅನ್ನುವ ಸರಣಿ ಇಷ್ಟು ಆಳವಾಗಿದೆ ಅಂದಮೇಲೆ ಅದು ಶೋನೆನ್ ಆಗಿರಲು ಸಾಧ್ಯವೇ ಇಲ್ಲ ಅಂತ ವಾದ ಮಾಡುವವರು ಇನ್ನೊಂದು ಕಡೆ. ಎರಡೂ ಗುಂಪಿನವರು ಒಂದೇ ಮಾತನ್ನು ನಂಬಿದ್ದಾರೆ. ಹುಡುಗರ ಕಥೆಯಲ್ಲಿ ಆಳ ಇರಲ್ಲ ಅಂತ. ಅದು ನಿಜವಲ್ಲ, ಯಾವತ್ತೂ ನಿಜವಾಗಿರಲಿಲ್ಲ.

ಶೋನೆನ್ ಅಂದರೆ ಜಪಾನಿ ಭಾಷೆಯಲ್ಲಿ ಹುಡುಗ ಎಂದರ್ಥ. ಅದು ಒಂದು ಬಗೆಯ ಕಥೆಯ ಹೆಸರಲ್ಲ. ಹುಡುಗರಿಗೆಂದು ಅಚ್ಚಾಗುವ ಪತ್ರಿಕೆಯಲ್ಲಿ ಬಂದ ಮಾಂಗಾ (ಜಪಾನಿ ಚಿತ್ರಕಥೆ) ಶೋನೆನ್, ಅದರಿಂದ ಮಾಡಿದ ಅನಿಮೆಯೂ ಶೋನೆನ್. ‘ಅಟ್ಯಾಕ್ ಆನ್ ಟೈಟನ್’ ಬಂದದ್ದು ಕೂಡ ‘ಬೆಸ್ಸಾತ್ಸು ಶೋನೆನ್ ಮ್ಯಾಗಜೀನ್’ ಅನ್ನುವ ಪತ್ರಿಕೆಯಲ್ಲೇ. 1959ರಲ್ಲಿ ಇಂಥ ಎರಡು ವಾರಪತ್ರಿಕೆಗಳು ಒಟ್ಟಿಗೇ ಶುರುವಾದವು. 1968ರಲ್ಲಿ ‘ಶೋನೆನ್ ಜಂಪ್’ ಬಂತು. 1973ರಲ್ಲಿ ಇದೇ ಜಂಪ್‌ನಲ್ಲಿ ‘ಬೇರ್‌ಫುಟ್ ಗೆನ್’ ಶುರುವಾಯಿತು. ಅದು ಹಿರೋಶಿಮಾದ ಬಾಂಬಿನ ಕಥೆ. ಬರೆದ ಕೇಜಿ ನಾಕಾಜಾವಾ ಆರು ವರ್ಷದ ಹುಡುಗನಾಗಿದ್ದಾಗ ಆ ಬಾಂಬನ್ನು ಕಣ್ಣಾರೆ ಕಂಡವರು. ಅದನ್ನೂ ಓದಿದ್ದು ಹುಡುಗರೇ ಅಲ್ವಾ?

ಜಂಪ್ ಬೆಳೆದದ್ದು ಓದುಗರು ಕಳಿಸುವ ಕಾರ್ಡುಗಳಿಂದ. ಪ್ರತಿ ಸಂಚಿಕೆಯ ಜೊತೆ ಒಂದು ಕಾರ್ಡ್. ಹುಡುಗರು ತಮಗೆ ಇಷ್ಟವಾದ ಕಥೆಗಳ ಹೆಸರು ಬರೆದು ಕಳಿಸಬೇಕು. ಮತ ಬೀಳದ ಕಥೆ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ. ಗೆಳೆತನ, ಶ್ರಮ, ಗೆಲುವು ಅನ್ನುವ ಮೂರು ಮಾತು ಪತ್ರಿಕೆಯ ಮಂತ್ರವಾಯಿತು. 1994ರ ಕೊನೆಗೆ ಒಂದು ಸಂಚಿಕೆ 65 ಲಕ್ಷ ಪ್ರತಿ ದಾಟಿತು. ಈ ಪದ್ಧತಿಯಿಂದ ಕಥೆಗಾರರು ಕೊನೆಯ ಪುಟದಲ್ಲಿ ಕುತೂಹಲ ಉಳಿಸುವುದನ್ನು ಚೆನ್ನಾಗಿ ಕಲಿತರು, ಆದರೆ ಒಂದು ಚಟವೂ ಅಂಟಿಕೊಂಡಿತು. ಇವತ್ತಿನ ಶತ್ರುವಿಗಿಂತ ನಾಳಿನ ಶತ್ರು ದೊಡ್ಡವನು, ನಾಯಕ ಹಲ್ಲು ಕಚ್ಚಿ ಇನ್ನೂ ಜೋರಾಗಿ ಕೂಗಿದರೆ ಸಾಕು, ಎಲ್ಲಿಂದಲೋ ಹೊಸ ಬಲ ಬಂದುಬಿಡುತ್ತದೆ. ಆ ಬಲಕ್ಕೆ ಯಾರೂ ಏನನ್ನೂ ಕೊಡಬೇಕಾಗಿಲ್ಲ.

1995ರಲ್ಲಿ ಜಂಪ್‌ನ ‘ಡ್ರ್ಯಾಗನ್ ಬಾಲ್’ ಕಥೆ ಮುಗಿಯಿತು. ಪತ್ರಿಕೆಯ ಮಾರಾಟ ಇಳಿಯಿತು. 1998ರಲ್ಲಿ ಯೋಶಿಹಿರೋ ತೊಗಾಶಿ ಅದೇ ಪತ್ರಿಕೆಯಲ್ಲಿ ‘ಹಂಟರ್ ಹಂಟರ್’ ಶುರು ಮಾಡಿದರು. ನನ್ನ ಲೆಕ್ಕದಲ್ಲಿ ದೊಡ್ಡ ತಿರುವು ಇದೇ. ಇಲ್ಲಿ ‘ನೆನ್’ ಅನ್ನುವ ಶಕ್ತಿಗೆ ಒಂದು ನಿಯಮ ಇದೆ. ನಿನ್ನ ಮೇಲೆ ನೀನೇ ಎಷ್ಟು ಕಠಿಣ ಷರತ್ತು ಹಾಕಿಕೊಳ್ಳುತ್ತೀಯೋ ಅಷ್ಟು ಬಲ ಸಿಗುತ್ತದೆ. ಕುರಾಪಿಕಾ ತನ್ನ ಕುಲವನ್ನು ಕೊಂದ ಗುಂಪಿನ ಮೇಲೆ ಸೇಡು ತೀರಿಸಿಕೊಳ್ಳಲು ಒಂದು ಸರಪಳಿ ಮಾಡಿಕೊಳ್ಳುತ್ತಾನೆ. ಆ ಗುಂಪಿನವರನ್ನು ಬಿಟ್ಟು ಬೇರೆಯವರ ಮೇಲೆ ಅದನ್ನು ಬಳಸಿದರೆ ಸಾಯುವವನು ಅವನೇ. ಬೆಲೆಯನ್ನು ಮೊದಲೇ ಹೇಳಿಟ್ಟಿದ್ದಾರೆ. ಹಾಗಾಗಿ ಮುಂದಿನ ಪ್ರತಿ ಹೊಡೆದಾಟವೂ ಒಂದು ಒಗಟು, ಜೊತೆಗೆ ಒಂದು ಪ್ರಶ್ನೆ. ಸೇಡಿಗೆ ಇಷ್ಟು ಕೊಡಬೇಕಾ?

2011ರಿಂದ 2014ರವರೆಗೆ ಬಂದ 148 ಕಂತುಗಳ ಅನಿಮೆಯಲ್ಲಿ ಇರುವೆಗಳ ರಾಜ ಮೆರುಎಮ್‌ನ ಭಾಗ ನೋಡಿ. (ನೋಡಿಲ್ಲದವರು ಮುಂದಿನ ಪ್ಯಾರಾ ಬಿಟ್ಟುಬಿಡಿ, ದಯವಿಟ್ಟು.)

ಮೆರುಎಮ್ ಹುಟ್ಟಿದ ಕೂಡಲೇ ಮನುಷ್ಯರನ್ನು ತಿನ್ನುವವನು. ಹೊತ್ತು ಕಳೆಯಲು ಬೋರ್ಡ್ ಆಟ ಕಲಿತು ದೊಡ್ಡ ದೊಡ್ಡ ಆಟಗಾರರನ್ನು ಸೋಲಿಸುತ್ತಾನೆ. ಆಮೇಲೆ ಕೊಮುಗಿ ಬರುತ್ತಾಳೆ. ಕಣ್ಣು ಕಾಣದ, ಮೂಗು ಸೋರುವ ಹುಡುಗಿ. ಗುಂಗಿ ಅನ್ನುವ ಆಟದಲ್ಲಿ ಅವಳನ್ನು ಒಮ್ಮೆಯೂ ಗೆಲ್ಲಲು ಅವನಿಂದ ಆಗುವುದಿಲ್ಲ. ಸೋತರೆ ನಿನ್ನ ಎಡಗೈ ಕೊಡು ಅಂತ ಪಣ ಇಡುತ್ತಾನೆ. ಅವಳು, ಕೈ ಬೇಡ, ಜೀವವನ್ನೇ ತೆಗೆದುಕೊಳ್ಳಿ ಅನ್ನುತ್ತಾಳೆ. ಅವಳು ಪ್ರತಿ ಆಟಕ್ಕೂ ಹಾಗೇ ಕೂರುವವಳು. ಪಣ ಇಟ್ಟವನಿಗೇ ಅಷ್ಟು ಗಟ್ಟಿ ಮನಸ್ಸು ಇರಲಿಲ್ಲ ಅಂತ ನಾಚಿ ಮೆರುಎಮ್ ತನ್ನ ಕೈಯನ್ನೇ ಕಿತ್ತು ಹಾಕುತ್ತಾನೆ. ಆಮೇಲೆ ಮನುಷ್ಯರ ದಾಳಿಯಲ್ಲಿ ಕೊಮುಗಿಗೆ ಗಾಯವಾಗುತ್ತದೆ. ಪಿಟೌ ಅನ್ನುವ ರಾಕ್ಷಸಿ ಅವಳನ್ನು ಉಳಿಸಲು ಕೂತಿರುವಾಗ ನಮ್ಮ ನಾಯಕ ಗೊನ್ ಸೇಡಿಗೆ ಬರುತ್ತಾನೆ. ರಾಕ್ಷಸಿ ಬೇಡಿಕೊಳ್ಳುತ್ತಾಳೆ. ಆ ಪುಟ್ಟ ಹುಡುಗ, ಮಾತು ಕೇಳದಿದ್ದರೆ ಈ ಹುಡುಗಿಯನ್ನು ಕೊಲ್ಲುತ್ತೇನೆ ಅಂತ ಹೆದರಿಸುತ್ತಾನೆ. ನಾನು ಅವತ್ತು ವಿಡಿಯೋ ನಿಲ್ಲಿಸಿ ಸುಮ್ನೆ ಕೂತಿದ್ದೆ. ಗೆಳೆತನ, ಶ್ರಮ, ಗೆಲುವು ಮೂರೂ ಅಲ್ಲೇ ಇವೆ, ಆದರೂ ಗೊನ್ ಗೆಲ್ಲಲಿ ಅಂತ ಅನ್ನಿಸಲಿಲ್ಲ.

ಇದೇ ದಾರಿಯಲ್ಲಿ ಬೇರೆಯವರೂ ನಡೆದರು. 2001ರಲ್ಲಿ ಹಿರೋಮು ಅರಾಕಾವಾ ಶುರು ಮಾಡಿದ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ನ ಬುನಾದಿಯೇ ಕೊಟ್ಟಷ್ಟೇ ಪಡೆಯುವ ನಿಯಮ. ಕೊನೆಯಲ್ಲಿ ತಮ್ಮನನ್ನು ವಾಪಸ್ ತರಲು ನಾಯಕ ಎಡ್ವರ್ಡ್ ತನ್ನ ರಸವಿದ್ಯೆಯನ್ನೇ ಬಿಟ್ಟುಕೊಡುತ್ತಾನೆ. 2003ರ ‘ಡೆತ್ ನೋಟ್’ನಲ್ಲಿ, ಹೆಸರು ಬರೆದರೆ ಆ ಮನುಷ್ಯ ಸಾಯುವ ಒಂದು ಪುಸ್ತಕದ ನಿಯಮಗಳನ್ನು ಓದುಗರ ಮುಂದೆಯೇ ಬರೆದಿಟ್ಟಿದ್ದಾರೆ. ನಾಯಕ ಲೈಟ್‌ನ ಜಾಣತನ ಎಲ್ಲಾ ಆ ನಿಯಮಗಳ ಸಂದಿಯಲ್ಲೇ ನಡೆಯುತ್ತದೆ.

ಆದರೆ ಹೀಗೆ ಹೆಣೆಯಲು ಸಮಯ ಬೇಕು. ವಾರಕ್ಕೆ ಹತ್ತೊಂಬತ್ತು ಪುಟದ ಆಸುಪಾಸು ಬರೆಯುವವನಿಗೆ ಅದು ಎಲ್ಲಿಂದ ಬರಬೇಕು? ‘ಫುಲ್‌ಮೆಟಲ್’ ಮತ್ತು ‘ಅಟ್ಯಾಕ್ ಆನ್ ಟೈಟನ್’ ಎರಡೂ ಮಾಸಪತ್ರಿಕೆಗಳಲ್ಲಿ ಬಂದವು. ಅದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಮೊದಲು ಅನಿಮೆಯೂ ವಾರವಾರ ಓಡುತ್ತಿತ್ತು. ಮಾಂಗಾವನ್ನು ಹಿಂದಿಕ್ಕಿದಾಗ ನಡುವೆ ಬೇಡದ ಕಂತುಗಳನ್ನು ತುಂಬಿಸಬೇಕಾಗುತ್ತಿತ್ತು, ಇಲ್ಲವೇ 2003ರ ‘ಫುಲ್‌ಮೆಟಲ್’ ಅನಿಮೆಯ ಹಾಗೆ ಬೇರೆಯೇ ಅಂತ್ಯ ಕಟ್ಟಬೇಕಾಗುತ್ತಿತ್ತು. ಈಗ ಹೆಚ್ಚಾಗಿ ಸೀಸನ್ ಲೆಕ್ಕದಲ್ಲಿ ಮಾಡುತ್ತಾರೆ, ಮಧ್ಯೆ ಉಸಿರಾಡಲು ಜಾಗ ಇದೆ. ಅನಿಮೆಗೆ ಸಿಕ್ಕ ಆ ಬಿಡುವು ಮಾಂಗಾ ಬರೆಯುವವರಿಗೆ ಇನ್ನೂ ಅಷ್ಟಾಗಿ ಸಿಕ್ಕಿಲ್ಲ.

ತೊಗಾಶಿ ಬೆನ್ನುನೋವಿನಿಂದ ವರ್ಷಗಟ್ಟಲೆ ಬಿಟ್ಟು ಬಿಟ್ಟು ಬರೆದರು. ಓದುಗರು ರೇಗಿದರು, ಗೇಲಿ ಮಾಡಿದರು, ಕಾದರು. 2022ರ ಕೊನೆಯಲ್ಲಿ, ‘ಹಂಟರ್ ಹಂಟರ್’ ಇನ್ನು ಮುಂದೆ ವಾರದ ಲೆಕ್ಕದಲ್ಲಿ ಬರುವುದಿಲ್ಲ ಅಂತ ಜಂಪ್ ತಿಳಿಸಿತು.