30×40 ನಿವೇಶನದ ಮನೆಯ ಮೇಲೆ 40 ಮೀಟರ್ ಬ್ಯಾಂಡಿನ ಆಂಟೆನಾ ಕಟ್ಟಬಹುದೇ?

ಪ್ರಶ್ನೆ: ಹ್ಯಾಮ್ ರೇಡಿಯೊ (ಹವ್ಯಾಸಿ ರೇಡಿಯೊ) ಪರವಾನಗಿ ಈಚೆಗಷ್ಟೇ ಕೈಸೇರಿದೆ. 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ ಸುಮಾರು 40 ಮೀಟರ್ ಉದ್ದದ ತರಂಗಗಳ ಆವರ್ತನಗಳಲ್ಲಿ, ಮಾತನಾಡುವ ಆಸೆಯಿದೆ. ಅದಕ್ಕೆ 66 ಅಡಿ ಉದ್ದದ ತಂತಿ ಬೇಕೆನ್ನುತ್ತಾರೆ. ನಮ್ಮದು ಬೆಂಗಳೂರಿನಲ್ಲಿ 30×40 ನಿವೇಶನದ ಮನೆ. ಅಷ್ಟುದ್ದದ ತಂತಿಯನ್ನು ಎಲ್ಲಿ ಕಟ್ಟಲಿ?

ಉತ್ತರ: ನಿಮ್ಮ ತಾರಸಿಯ ಮೇಲೆಯೇ ಕಟ್ಟಿ. ಗೋಪುರ ಬೇಕಿಲ್ಲ, ಪಕ್ಕದ ಮನೆಯವರ ತೆಂಗಿನ ಮರವೂ ಬೇಕಿಲ್ಲ.

ಲೆಕ್ಕದಿಂದ ಆರಂಭಿಸೋಣ. ನಡುವೆ ರೇಡಿಯೊದ ಕೇಬಲ್ ಸೇರುವ, ಎರಡು ತೋಳುಗಳ ತಂತಿಯ ಆಂಟೆನಾವೇ ಡೈಪೋಲ್. ಅರ್ಧ ತರಂಗದ ಡೈಪೋಲಿನ ಉದ್ದವನ್ನು ಮೀಟರಿನಲ್ಲಿ ತಿಳಿಯಲು 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಬೇಕು. ನಮ್ಮಲ್ಲಿ ಈ ಬ್ಯಾಂಡು 7.0ರಿಂದ 7.2 ಮೆಗಾಹರ್ಟ್ಸ್‌ವರೆಗೆ ಇದೆ. ನಡುವಿನ 7.1ಕ್ಕೆ ಲೆಕ್ಕ ಹಾಕಿದರೆ ಸುಮಾರು 20 ಮೀಟರ್, ಅಂದರೆ 66 ಅಡಿ. ಒಂದೊಂದು ತೋಳಿಗೆ 33 ಅಡಿ. ಸುತ್ತ ಜಾಗ ಬಿಟ್ಟು ಕಟ್ಟಿದ ಮೇಲೆ ನಿಮ್ಮ ತಾರಸಿ 24×32 ಅಡಿ ಉಳಿದಿದೆ ಎಂದುಕೊಳ್ಳಿ. ಮೂಲೆಯಿಂದ ಮೂಲೆಗೆ 40 ಅಡಿ. ತಂತಿ ನೇರವಾಗಿ ಹಿಡಿಸದು, ನಿಜ.

ಆದರೆ ಅದು ನೇರವಾಗಿರಲೇಬೇಕೆಂದಿಲ್ಲ. ಡೈಪೋಲಿನಲ್ಲಿ ವಿದ್ಯುತ್ ಪ್ರವಾಹ ನಟ್ಟನಡುವೆ ಅತಿ ಹೆಚ್ಚು. ತುದಿಗಳತ್ತ ಇಳಿಯುತ್ತಾ ಸೊನ್ನೆಯಾಗುತ್ತದೆ. ಪ್ರವಾಹ ಹೆಚ್ಚಿರುವ ಭಾಗವೇ ಹೆಚ್ಚು ಪ್ರಸಾರ ಮಾಡುವುದು. ಹಾಗಾಗಿ ನಡುಭಾಗವನ್ನು ಆದಷ್ಟು ಎತ್ತರಕ್ಕೆ ಏರಿಸಿ, ತುದಿಗಳನ್ನು ಬೇಕಾದತ್ತ ಬಗ್ಗಿಸಿ, ನಷ್ಟ ಅಲ್ಪ. ಜಾಗವಿಲ್ಲವೆಂದು ರೇಡಿಯೊವನ್ನೇ ಮುಚ್ಚಿಟ್ಟಿರುವ ಎಷ್ಟೋ ಹೊಸಬರಿಗೆ ಈ ಒಂದು ಮಾತನ್ನು ಯಾರೂ ಹೇಳಿರುವುದಿಲ್ಲ.

ತಾರಸಿಯ ನಡುವೆ 20 ಅಡಿ ಎತ್ತರದ ಬಿದಿರಿನ ಗಳವನ್ನು ಭದ್ರವಾಗಿ ನಿಲ್ಲಿಸಿ. ಅದರ ತಲೆಯಿಂದ ಎರಡೂ ತೋಳುಗಳನ್ನು ಎದುರುಬದುರು ಮೂಲೆಗಳತ್ತ ಇಳಿಸಿ. ಇದೇ ಇನ್ವರ್ಟೆಡ್ ವಿ, ಅಂದರೆ ತಲೆಕೆಳಗಾದ V. ಮೂಲೆಯಲ್ಲಿ 8 ಅಡಿ ಎತ್ತರದ ಇನ್ನೊಂದು ಗಳವಿದ್ದರೆ, ಅಲ್ಲಿಗೆ ತಲಪುವಷ್ಟರಲ್ಲಿ ತೋಳಿನ 23 ಅಡಿ ಮುಗಿದಿರುತ್ತದೆ. ಉಳಿದ 10 ಅಡಿಯನ್ನು ಅದೇ ಎತ್ತರದಲ್ಲಿ ಪ್ಯಾರಾಪೆಟ್ ಗೋಡೆಯ ಗುಂಟ ತಿರುಗಿಸಿ, ನೈಲಾನ್ ಹಗ್ಗದಿಂದ ಎಳೆದು ಕಟ್ಟಿ. ಮನೆಯ ವೈರಿಂಗಿಗೆ ಬಳಸುವ ತಾಮ್ರದ ತಂತಿಯೇ ಸಾಕು.

8 ಅಡಿ ಎಂದದ್ದು ಸುಮ್ಮನೆ ಅಲ್ಲ. ತುದಿಗಳಲ್ಲಿ ಪ್ರವಾಹ ಇಲ್ಲದಿದ್ದರೂ ವೋಲ್ಟೇಜ್ ಅತಿ ಹೆಚ್ಚು. ಪ್ರಸಾರದ ಹೊತ್ತಿನಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ. ಬಟ್ಟೆ ಒಣಗಿಸಲು ಬರುವವರ ಕೈಗೆ ಅದು ಎಟುಕಕೂಡದು. ಬೀದಿಯ ವಿದ್ಯುತ್ ತಂತಿಯಿಂದ ಎಷ್ಟು ದೂರವಿರಬೇಕೆಂದರೆ, ಗಳವೇ ಮುರಿದು ಬಿದ್ದರೂ ಅದಕ್ಕೆ ತಾಗಬಾರದು. ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗಲೇ, ಕೇಬಲನ್ನು ರೇಡಿಯೊದಿಂದ ಕಳಚಿಡಿ.

ತಂತಿಯನ್ನು ಮೊದಲು ತುಸು ಉದ್ದವಾಗಿಯೇ ಬಿಡಿ. ಆಂಟೆನಾ ರೇಡಿಯೊಗೆ ಎಷ್ಟು ಹೊಂದಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ (1 ಬಂದರೆ ಪೂರ್ಣ ಹೊಂದಿಕೆ) ಇಟ್ಟು ನೋಡಿದಾಗ ಅತಿ ಕಡಿಮೆ ಅಂಕ 7.1ಕ್ಕಿಂತ ಕೆಳಗಿನ ಆವರ್ತನದಲ್ಲಿ ಬಂದರೆ ತಂತಿ ಉದ್ದವಾಗಿದೆ ಎಂದರ್ಥ. ಒಂದೊಂದು ತೋಳನ್ನೂ 10 ಸೆಂಟಿಮೀಟರಿನಷ್ಟು ಗಿಡ್ಡ ಮಾಡಿದರೆ ಆ ಆವರ್ತನ ಸುಮಾರು 70 ಕಿಲೋಹರ್ಟ್ಸ್ ಮೇಲೇರುತ್ತದೆ. ಕತ್ತರಿಸಬೇಡಿ, ತುದಿಯನ್ನು ಹಿಂದಕ್ಕೆ ಮಡಚಿ ಹೊಸೆಯಿರಿ, ಬೇಕಾದಾಗ ಬಿಚ್ಚಬಹುದು. 1.5ರ ಒಳಗೆ ಬಂದರೆ ಅಲ್ಲಿಗೇ ನಿಲ್ಲಿಸಿ. 1.5ರಿಂದ 1.1ಕ್ಕೆ ಇಳಿಸಲು ಪಡುವ ಪಾಡು ಎದುರಿನವರ ಕಿವಿಗೆ ತಿಳಿಯುವುದೇ ಇಲ್ಲ.

ಇಷ್ಟು ಎತ್ತರದ ಆಂಟೆನಾ ಹೆಚ್ಚಿನ ಶಕ್ತಿಯನ್ನು ಆಕಾಶದತ್ತಲೇ ಕಳಿಸುತ್ತದೆ. ಅದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ. ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ ಮರಳುವ ಆ ತರಂಗಗಳು ಹಗಲಿನಲ್ಲಿ ಕೆಲವು ನೂರು ಕಿಲೋಮೀಟರಿನ ವ್ಯಾಪ್ತಿಯಲ್ಲಿ ಇಳಿಯುತ್ತವೆ: ಮೈಸೂರು, ಹುಬ್ಬಳ್ಳಿ, ಚೆನ್ನೈ, ಹೈದರಾಬಾದ್. ರಾತ್ರಿಯಾದಂತೆ ಹತ್ತಿರದವರು ಮಸುಕಾಗಿ ದೂರದವರು ಕೇಳತೊಡಗುತ್ತಾರೆ.

ಪರೀಕ್ಷಿಸುವಾಗ ಮೊದಲು ಸುಮ್ಮನೆ ಕಿವಿಗೊಡಿ. ಆವರ್ತನ ಖಾಲಿಯಿದೆ ಎನ್ನಿಸಿದರೂ, ಪರವಾನಗಿಯೊಂದಿಗೆ ಸಿಕ್ಕ ನಿಮ್ಮ ಕರೆಸಂಕೇತ ಹೇಳಿ, ಯಾರಾದರೂ ಇಲ್ಲಿದ್ದಾರೆಯೇ ಎಂದು ಕೇಳಿ; ಒಬ್ಬರ ಮಾತು ನಿಮಗೆ ಕೇಳಿಸದೆಯೂ ಅಲ್ಲಿ ಸಂಭಾಷಣೆ ನಡೆಯುತ್ತಿರಬಹುದು. ಆಮೇಲೆ ಸಿಕ್ಯೂ, ಅಂದರೆ ಯಾರಾದರೂ ಉತ್ತರಿಸಿ ಎಂಬ ಕರೆ, ಕರೆಯಿರಿ. ಉತ್ತರ ಬಂದಾಗ ಪ್ರಾಮಾಣಿಕ ವರದಿ ಬೇಕೆಂದು ಬಿಡಿಸಿ ಹೇಳಿ. ಸ್ಪಷ್ಟತೆಗೆ 5, ಬಲಕ್ಕೆ 9 ಎಂದು ಎಲ್ಲರಿಗೂ 59 ಹಂಚುವ ರೂಢಿ ನಮ್ಮಲ್ಲಿ ಬೇರೂರಿದೆ. ಸೌಜನ್ಯಕ್ಕೆ ಅದು ಸರಿ. ಹೊಸ ಆಂಟೆನಾ ಕಟ್ಟಿದವರಿಗೆ ಮಾತ್ರ 47 ಎಂಬ ನಿಜವೇ ಹೆಚ್ಚು ಉಪಕಾರಿ. ಬಂದ ವರದಿಯನ್ನು ಊರು, ಹೊತ್ತು, ಆವರ್ತನಗಳ ಸಹಿತ ಲಾಗ್ ಪುಸ್ತಕದಲ್ಲಿ ಬರೆದಿಡಿ. ಮುಂದೆ ತಂತಿಯ ತುದಿಯನ್ನು ಬೇರೆ ಗೋಡೆಯತ್ತ ತಿರುಗಿಸಿದಾಗ ಹೋಲಿಸಿ ನೋಡಲು ಆ ಪುಟಗಳು ಬೇಕಾಗುತ್ತವೆ.