‘ಕಾಡಿಗೆ ಹೋಗಬೇಡಿ’, ‘ಮನೆಯಲ್ಲೇ ಇರಿ’: ತಜ್ಞರ ಮಾತನ್ನು ಓದುವ ಬಗೆ

‘ತಜ್ಞರು ಹೇಳಿದ್ದಾರೆ’ ಎನ್ನುವ ಒಂದೇ ವಾಕ್ಯದೊಳಗೆ ಎರಡು ಬೇರೆ ಸಂಗತಿಗಳಿರುತ್ತವೆ. ರೋಗ ಹೇಗೆ ಹರಡುತ್ತದೆ, ಯಾರನ್ನು ಹೆಚ್ಚು ಕಾಡುತ್ತದೆ ಎಂಬ ತಿಳಿವಳಿಕೆ ಒಂದು. ಹಾಗಾದರೆ ಏನನ್ನು ಮುಚ್ಚಬೇಕು, ಎಷ್ಟು ದಿನ ಮುಚ್ಚಬೇಕು, ಅದರ ನಷ್ಟ ಯಾರ ತಲೆಯ ಮೇಲೆ ಎಂಬ ತೀರ್ಮಾನ ಇನ್ನೊಂದು. ಮೊದಲನೆಯದಕ್ಕೆ ಪ್ರಯೋಗಾಲಯ ಬೇಕು, ರೋಗಿಗಳ ಅಂಕಿ ಅಂಶ ಬೇಕು. ಎರಡನೆಯದಕ್ಕೆ ಅಷ್ಟು ಸಾಲದು. ಸಿರ್ಸಿಯ ತೋಟದ ಕೆಲಸ, ಕಾರವಾರದ ಬಂದರಿನ ಕೆಲಸ ಗೊತ್ತಿಲ್ಲದವರು ಆ ತೀರ್ಮಾನವನ್ನು ಸರಿಯಾಗಿ ಮಾಡಲಾರರು. ಕೋವಿಡ್ ಕಾಲದ ಜಗಳಗಳಲ್ಲಿ ಬಹುಪಾಲು ಎರಡನೆಯದರ ಬಗ್ಗೆ ಇದ್ದವು, ಆದರೆ ನಡೆದದ್ದು ಮೊದಲನೆಯದರ ಹೆಸರಿನಲ್ಲಿ. ಈ ವಿಷಯವನ್ನು ಓದುತ್ತಿರುವ ಗೆಳೆಯರು ಈ ಎರಡನ್ನು ಬೇರ್ಪಡಿಸುವ ಅಭ್ಯಾಸವನ್ನು ಮೊದಲು ಮಾಡಿಕೊಳ್ಳಬೇಕು.

ಮೊದಲು ಕಾನೂನು

2020ರಲ್ಲಿ ಎಲ್ಲರ ಬಾಯಲ್ಲಿದ್ದ ಸಾಂಕ್ರಾಮಿಕ ರೋಗಗಳ ಕಾಯ್ದೆ 1897ರದು. ಹಿಂದಿನ ವರ್ಷ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ಅದಕ್ಕೆ ಕಾರಣ. ನಮ್ಮ ಉತ್ತರ ಕನ್ನಡವು 1862ರಿಂದ ಮುಂಬಯಿ ಪ್ರಾಂತ್ಯದ ಜಿಲ್ಲೆಯಾಗಿತ್ತು. ಆದ್ದರಿಂದ ಇದು ಎಲ್ಲಿಯದೋ ಕಥೆಯಲ್ಲ, ನಮ್ಮನ್ನು ಆಳುತ್ತಿದ್ದ ಪ್ರಾಂತ್ಯದ್ದೇ ಕಥೆ. ಮೂಲ ಕಾಯ್ದೆಯಲ್ಲಿ ನಾಲ್ಕೇ ಸೆಕ್ಷನ್‌ಗಳಿದ್ದವು. ಮೂರನೆಯದು ಆದೇಶ ಮೀರಿದವರಿಗೆ ಶಿಕ್ಷೆ ಹೇಳುತ್ತದೆ. ನಾಲ್ಕನೆಯದು ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಎನ್ನುತ್ತದೆ. ಮನೆಯಲ್ಲಿ ಕೂಡಿಹಾಕಲ್ಪಟ್ಟವನಿಗೆ ಸರ್ಕಾರ ಏನನ್ನಾದರೂ ಕೊಡಲೇಬೇಕು ಎಂಬ ಕಟ್ಟುಪಾಡು ಅದರಲ್ಲಿಲ್ಲ. ಪುಣೆಯಲ್ಲಿ ಪ್ಲೇಗ್ ತಪಾಸಣೆಯ ನೆಪದಲ್ಲಿ ಸೈನಿಕರು ಮನೆಗಳಿಗೆ ನುಗ್ಗಿದರು. ಅದರ ಹೊಣೆ ಹೊತ್ತಿದ್ದ ರ‍್ಯಾಂಡ್ ಎಂಬ ಅಧಿಕಾರಿಯ ಮೇಲೆ 1897ರ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಪ್ಲೇಗ್ ನಿಜವಾಗಿಯೂ ಭಯಂಕರ ರೋಗವಾಗಿತ್ತು, ರೋಗಿಯನ್ನು ಬೇರೆ ಇಡಬೇಕೆನ್ನುವ ಸಲಹೆಯಲ್ಲೂ ಹುರುಳಿತ್ತು. ಜನ ಸಿಡಿದದ್ದು ಅದನ್ನು ಜಾರಿಗೆ ತಂದ ರೀತಿಗೆ.

ಮಂಗನ ಕಾಯಿಲೆ ಕಲಿಸುವುದು

ನಮ್ಮ ಜಿಲ್ಲೆಯವರಿಗೆ ಈ ವಿಷಯವನ್ನು ಅರ್ಥಮಾಡಿಕೊಳ್ಳಲು ಕೋವಿಡ್‌ಗಿಂತ ಒಳ್ಳೆಯ ಉದಾಹರಣೆ ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದನ್ನು ಗುರುತಿಸಿದರು. ಸಿದ್ದಾಪುರ, ಹೊನ್ನಾವರದ ಕಡೆಯವರಿಗೆ ಇದು ಹೊಸದಲ್ಲ, 2024ರಲ್ಲೂ ಸಿದ್ದಾಪುರ ತಾಲ್ಲೂಕು ಇದರಿಂದ ನಲುಗಿತು. ಉಣುಗು ಕಚ್ಚುವುದರಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಸೋಂಕು ತಗುಲಿದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಕಾಲ.

ಇಲ್ಲಿ ತಿಳಿವಳಿಕೆಗೂ ತೀರ್ಮಾನಕ್ಕೂ ನಡುವಿನ ಅಂತರ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಉಣುಗು ಇರುವುದು ಕಾಡಿನ ನೆಲದಲ್ಲಿ, ಆದ್ದರಿಂದ ‘ಕಾಡಿಗೆ ಹೋಗಬೇಡಿ’ ಎನ್ನುವುದು ವೈದ್ಯಕೀಯವಾಗಿ ಸರಿಯಾದ ಮಾತು. ಆದರೆ ಅದೇ ತಿಂಗಳುಗಳಲ್ಲಿ ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನಿಂದ, ಒಣ ಎಲೆ ಗುಡಿಸಿ ತರಬೇಕು. ಅಡಿಕೆ ತೋಟಕ್ಕೆ ಹೊದಿಕೆಯಾಗಬೇಕು, ಕೊಟ್ಟಿಗೆಗೆ ಹಾಸಾಗಬೇಕು, ಒಲೆಗೆ ಸೌದೆಯೂ ಬೇಕು. ಎಲೆ ಗುಡಿಸುವವರಲ್ಲಿ ಹೆಚ್ಚಿನವರು ದಿನಗೂಲಿಯವರು ಮತ್ತು ಹೆಂಗಸರು. ಅವರಿಗೆ ‘ಹೋಗಬೇಡಿ’ ಎಂದಷ್ಟೇ ಹೇಳಿ ಬಂದರೆ, ಕೂಲಿ ಬಿಡಿ ಎಂದು ಹೇಳಿದಂತೆಯೇ. ಹೋಗುವುದೇ ಆದರೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮೈ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ, ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ ಎನ್ನುವ ಸಲಹೆಯನ್ನು ಜನ ಪಾಲಿಸಬಲ್ಲರು. ಅದು ಅವರ ದಿನಚರಿಯನ್ನು ನೋಡಿ ಹುಟ್ಟಿದ ಸಲಹೆ.

ಲಸಿಕೆಯ ಭಾಗವನ್ನು ನಿಧಾನವಾಗಿ ಓದಿ. 1990ರಿಂದ ಬಳಕೆಯಲ್ಲಿದ್ದ ಹಳೆಯ ಲಸಿಕೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಸಲ ಹಾಕಿಸಿಕೊಳ್ಳಬೇಕಿತ್ತು. ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರ್, ಆಮೇಲೆ ಐದು ವರ್ಷ ಪ್ರತಿ ವರ್ಷ ಒಂದೊಂದು. ಚುಚ್ಚಿದ ಜಾಗ ತುಂಬ ನೋಯುತ್ತಿತ್ತು. 2005ರಿಂದ 2010ರ ಮಾಹಿತಿ ಆಧರಿಸಿದ ಅಧ್ಯಯನದಲ್ಲಿ ಎರಡು ಡೋಸ್‌ನ ಪರಿಣಾಮ ಸುಮಾರು ಶೇ 62, ಬೂಸ್ಟರ್ ಸೇರಿದರೆ ಸುಮಾರು ಶೇ 83. ಶೇ 62 ಎಂದರೆ ನೂರರಲ್ಲಿ 62 ಜನ ಸಂಪೂರ್ಣ ಸುರಕ್ಷಿತರು ಎಂದು ತಿಳಿಯಬಾರದು. ಲಸಿಕೆ ಇಲ್ಲದ ಗುಂಪಿನಲ್ಲಿ 100 ಜನರಿಗೆ ಕಾಯಿಲೆ ಬರುವ ಸನ್ನಿವೇಶದಲ್ಲಿ, ಅಷ್ಟೇ ದೊಡ್ಡ ಲಸಿಕೆ ಪಡೆದ ಗುಂಪಿನಲ್ಲಿ ಸುಮಾರು 38 ಜನರಿಗೆ ಬರುತ್ತದೆ ಎಂದರ್ಥ. ಆ 38 ಜನರ ಮನೆಯವರು ‘ಸೂಜಿ ಹಾಕಿಸಿಕೊಂಡರೂ ಬಂತು’ ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಹಾಕಿಸಿಕೊಂಡದ್ದರಿಂದ ಕಾಯಿಲೆ ತಪ್ಪಿದ 62 ಜನ ಯಾರೆಂದು ಯಾರಿಗೂ ಕಾಣುವುದಿಲ್ಲ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಪ್ರತಿ ರೋಗಿಯೂ ಲಸಿಕೆಯ ವಿರುದ್ಧದ ಸಾಕ್ಷಿಯಾಗಿಬಿಡುತ್ತಾನೆ. ನಂತರದ ಅಧ್ಯಯನದಲ್ಲಿ ಪರಿಣಾಮ ಇನ್ನೂ ಕಡಿಮೆ ಕಂಡಿತು, 2022ರ ಹೊತ್ತಿಗೆ ಬಳಕೆಯೇ ನಿಂತಿತು. ಅನುಮಾನಪಟ್ಟವರನ್ನೆಲ್ಲ ಅಜ್ಞಾನಿಗಳೆಂದು ಬದಿಗೆ ಸರಿಸುವುದು ಎಷ್ಟು ಅನ್ಯಾಯ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಸಲಹೆ ಬದಲಾದಾಗ

ಕೋವಿಡ್ ಕಾಲದಲ್ಲಿ ‘ದಿನಕ್ಕೊಂದು ಹೇಳುತ್ತಾರೆ’ ಎಂಬ ಸಿಟ್ಟು ವ್ಯಾಪಕವಾಗಿತ್ತು. ಇಲ್ಲಿ ಎರಡು ಬಗೆಯ ಬದಲಾವಣೆಗಳನ್ನು ಬೇರೆ ಮಾಡಿ ನೋಡಬೇಕು. ಸಾರ್ವಜನಿಕರೂ ಮಾಸ್ಕ್ ಧರಿಸುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2020ರ ಜೂನ್‌ನಲ್ಲಿ. ಭಾರತ ಸರ್ಕಾರ ಏಪ್ರಿಲ್‌ನಲ್ಲೇ ಮನೆಯಲ್ಲಿ ಹೊಲಿದ ಮಾಸ್ಕ್ ಸಾಕೆಂದು ಹೇಳಿತ್ತು. ಹೊಸ ರೋಗದ ವಿಷಯದಲ್ಲಿ ತಿಳಿವಳಿಕೆ ಬೆಳೆದಂತೆ ಸಲಹೆ ಬದಲಾಗುವುದು ಸಹಜ, ಅದು ವಿಜ್ಞಾನದ ಆರೋಗ್ಯದ ಲಕ್ಷಣ.

ಇನ್ನೊಂದು ಬಗೆ, ಪುರಾವೆ ಕೈಗೆ ಬಂದು ಎಷ್ಟೋ ಕಾಲದ ಮೇಲೆ ಸಲಹೆ ಬದಲಾಗುವುದು. ಗುಣವಾದವರ ರಕ್ತದ ದ್ರವಭಾಗವನ್ನು ರೋಗಿಗೆ ಕೊಡುವ ಪ್ಲಾಸ್ಮಾ ಚಿಕಿತ್ಸೆ ಸಾವನ್ನಾಗಲಿ ರೋಗ ಉಲ್ಬಣಿಸುವುದನ್ನಾಗಲಿ ತಗ್ಗಿಸುವುದಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯದೇ (ಐಸಿಎಂಆರ್) ಪ್ರಯೋಗ 2020ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ದೇಶದ 39 ಆಸ್ಪತ್ರೆಗಳ 464 ರೋಗಿಗಳ ಮೇಲೆ ನಡೆದ ಗಟ್ಟಿ ಪ್ರಯೋಗ ಅದು. ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ತೆಗೆದದ್ದು 2021ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಎರಡನೇ ಅಲೆ ಬಂದು, ಎಷ್ಟೋ ಕುಟುಂಬಗಳು ದಾನಿಗಳನ್ನು ಹುಡುಕಿ ವಾಟ್ಸ್‌ಆ್ಯಪ್‌ನಲ್ಲಿ ಅಂಗಲಾಚಿದ್ದವು. ಇದು ನನ್ನನ್ನು ಇಂದಿಗೂ ನೋಯಿಸುತ್ತದೆ. ಕೋವಿಶೀಲ್ಡ್ ಎರಡು ಡೋಸ್‌ಗಳ ಅಂತರವನ್ನು 2021ರ ಮೇನಲ್ಲಿ 12ರಿಂದ 16 ವಾರಕ್ಕೆ ಏರಿಸಿದ್ದು ಇವೆರಡರ ನಡುವೆ ಬರುತ್ತದೆ. ಅಂತರ ಹೆಚ್ಚಿದರೆ ಪರಿಣಾಮ ಹೆಚ್ಚು ಎಂಬುದಕ್ಕೆ ಪುರಾವೆ ಇತ್ತು. ಆದರೆ ಲಸಿಕೆಯ ಕೊರತೆಯೂ ಅದೇ ವಾರಗಳಲ್ಲಿ ಇದ್ದುದರಿಂದ ಜನ ಬೇರೆಯೇ ಅರ್ಥ ಮಾಡಿಕೊಂಡರು.

ತಜ್ಞರಲ್ಲೂ ಒಡಕಿತ್ತು. 2020ರ ಅಕ್ಟೋಬರ್‌ನಲ್ಲಿ ಕೆಲವು ವಿಜ್ಞಾನಿಗಳು ಹೊರಡಿಸಿದ ಗ್ರೇಟ್ ಬ್ಯಾರಿಂಗ್ಟನ್ ಘೋಷಣೆ ವೃದ್ಧರು, ದುರ್ಬಲರನ್ನು ಮಾತ್ರ ಕಾಪಾಡಿ ಉಳಿದವರನ್ನು ಬಿಡಿ ಎಂದಿತು. ಕೆಲವೇ ದಿನಗಳಲ್ಲಿ ಬೇರೆ ವಿಜ್ಞಾನಿಗಳಿಂದ ಬಂದ ಜಾನ್ ಸ್ನೋ ಪತ್ರ ಅದನ್ನು ಅಪಾಯಕಾರಿ ಎಂದಿತು. ಅಜ್ಜಿ, ಮೊಮ್ಮಗು, ದುಡಿಯಲು ಹೊರಗೆ ಹೋಗುವ ಮಗ ಒಂದೇ ಸೂರಿನಡಿ ಇರುವ ನಮ್ಮ ಮನೆಗಳಲ್ಲಿ ಮೊದಲನೆಯ ಸಲಹೆ ನಡೆಯುವಂಥದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ನಷ್ಟ ಯಾರದು

ಕರಾವಳಿಯಲ್ಲಿ ಇದರ ಉತ್ತರ ಒಂದೇ ಅಲ್ಲ. ಲಾಕ್‌ಡೌನ್‌ನಿಂದ ಬೋಟುಗಳು ನಿಂತ 2020ರಲ್ಲಿ, ಪಶ್ಚಿಮ ಕರಾವಳಿಯ ಮಳೆಗಾಲದ ಮೀನುಗಾರಿಕೆ ನಿಷೇಧವನ್ನು 61 ದಿನಗಳಿಂದ 47 ದಿನಗಳಿಗೆ ಇಳಿಸಿದರು. ಕಳೆದುಕೊಂಡದ್ದರಲ್ಲಿ ಸ್ವಲ್ಪವನ್ನಾದರೂ ಮರಳಿಸುವ ಪ್ರಯತ್ನ ಅದು, ನೆನಪಿಡಬೇಕಾದದ್ದು. ಭಟ್ಕಳದ ಮೊದಲ ಸೋಂಕಿತರಿಗೆ ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಕ್ಕಿ ಗುಣವಾಗಿ ಮನೆಗೆ ಮರಳಿದ್ದೂ ಹಾಗೆಯೇ. ಆದರೆ ಮಾಜಾಳಿಯ ಗಡಿ ಮುಚ್ಚಿದಾಗ ಗೋವಾಕ್ಕೆ ಕೆಲಸಕ್ಕೆ ಹೋಗುವ ಕಾರವಾರದವರಿಗೆ ಕೂಲಿ ಹೋಯಿತು. ಮದ್ಯದಂಗಡಿಗಳು 2020ರ ಮೇ 4ರಂದೇ ತೆರೆದವು, ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಘಟ್ಟದ ಮೇಲೆ ನೆಟ್‌ವರ್ಕ್ ಸಿಗದ ಹಳ್ಳಿಯ ಮಗುವಿಗೆ ಆನ್‌ಲೈನ್ ತರಗತಿ ಹೆಸರಿಗೆ ಮಾತ್ರ ಇತ್ತು. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ತೆರೆಯಬೇಕೆಂಬ ಈ ಸರದಿಯನ್ನು ಯಾವ ರೋಗಶಾಸ್ತ್ರವೂ ಹೇಳಿಕೊಡಲಿಲ್ಲ.

ಇದರ ಹಿಂದೆ ಇನ್ನೊಂದು ಹಳೆಯ ನೋವಿದೆ. ಗಂಭೀರ ಕಾಯಿಲೆಯಾದರೆ ನಾವು ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಕಡೆಯ ಶಿರೂರು ಟೋಲ್ ಬಳಿ ಮಗುಚಿ ನಾಲ್ವರು ಸತ್ತ ಮೇಲೆ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬೇಡಿಕೆ ಜಿಲ್ಲೆಯಾದ್ಯಂತ ಭುಗಿಲೆದ್ದಿತು. ಆರೋಗ್ಯ ವ್ಯವಸ್ಥೆಯ ಮಾತು ಕೇಳಿ ಎನ್ನುವವರು, ಕಷ್ಟಕಾಲದಲ್ಲಿ ಆ ವ್ಯವಸ್ಥೆ ನಮಗೆ ಎಷ್ಟು ದೂರದಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಭ್ಯಾಸಕ್ಕೆ: ಈ ಬೇಸಿಗೆಯಲ್ಲಿ ನಿಮ್ಮ ಪಂಚಾಯಿತಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲಿರುವ ಮಂಗನ ಕಾಯಿಲೆಯ ಪ್ರಕಟಣೆಯನ್ನು ಬರೆದುಕೊಳ್ಳಿ. ಪ್ರತಿ ವಾಕ್ಯದ ಮುಂದೆ ಅದು ತಿಳಿವಳಿಕೆಯೋ ತೀರ್ಮಾನವೋ ಎಂದು ಗುರುತು ಹಾಕಿ. ತೀರ್ಮಾನವಾಗಿದ್ದರೆ, ಅದನ್ನು ಪಾಲಿಸಿದ ದಿನ ಎಲೆ ಗುಡಿಸುವ ಹೆಂಗಸಿನ ಕೂಲಿ ಏನಾಗುತ್ತದೆ ಎಂದು ಪಕ್ಕದಲ್ಲಿ ಬರೆಯಿರಿ. ಆ ಹೆಂಗಸನ್ನೇ ಕೇಳಿ ಬರೆಯಿರಿ.